ಗುಡಿಸದ ಎಲೆಗಳು

ಮಣಿಪಾಲದ ಕೆಂಪು ಮುರಕಲ್ಲಿನ ಬೋಳು ಗುಡ್ಡದ ಮೇಲಿನ ಕಾಲೇಜನ್ನು ಹಸಿರು ಮಾಡುವ ಹೊಣೆ 1978ರಲ್ಲಿ ಕೆಮ್ಮಣ್ಣು ಊರಿನ ಇಮ್ಯಾನುಯೆಲ್ ಮಾಸ್ತರರ ಹೆಗಲಿಗೆ ಬಿತ್ತು. ಬಿದ್ದ ಎಲೆ ಗಿಡದ ಬುಡದಲ್ಲೇ ಇರಲಿ ಎಂದು ಅವರು ಹೇಳಿದ್ದೇ ಹೇಳಿದ್ದು. ಗುಡಿಸುವ ಸಿಸಿಲಿಯಾ ಬಾಯಿ ಮಾತ್ರ ದಿನಾ ಬೆಳಿಗ್ಗೆ ಹಿಡಿಸೂಡಿ ಹಿಡಿದು ಎಲ್ಲವನ್ನೂ ಗುಡಿಸಿ ಸುಡುತ್ತಿದ್ದರು.

“ಕಸ ಬಿಟ್ಟರೆ ನನ್ನನ್ನೇ ಸೋಮಾರಿ ಅನ್ನುತ್ತಾರೆ, ಸರ್.”

ಆ ಬೇಸಗೆಯಲ್ಲಿ ಮಾಸ್ತರರು ನೆಟ್ಟ ಗಿಡಗಳೆಲ್ಲ ಒಣಗಿದವು. ಆಕೆಯ ಹಿಡಿಸೂಡಿ ತಲುಪದ, ಗೋದಾಮಿನ ಹಿಂದಿನ ಹೊನ್ನೆ ಗಿಡವೊಂದೇ ಹಸಿರಾಗಿತ್ತು. ಮಾಸ್ತರರಿಗೆ ಸಿಟ್ಟು ನೆತ್ತಿಗೇರಿದರೂ ಬೈಯಲಿಲ್ಲ. ಆಕೆಯನ್ನು ಅಲ್ಲಿಗೆ ಕರೆದೊಯ್ದು, ಎಲೆ ಸರಿಸಿ ಮಣ್ಣು ಮುಟ್ಟಲು ಹೇಳಿದರು. ಮಣ್ಣು ತಣ್ಣಗಿತ್ತು.

ಮರುವರ್ಷ ಅತಿಥಿಗಳು ಬರುವ ದಿನ ಪ್ರಿನ್ಸಿಪಾಲರು ಸಿಡುಕಿದರು: “ಇದೆಂತ ಕಸ? ಗುಡಿಸಲಿಲ್ಲವಾ?”

ಮಾಸ್ತರರು ಮಾತಾಡುವ ಮೊದಲೇ ಸಿಸಿಲಿಯಾ ಬಾಯಿ ಹಿಡಿಸೂಡಿಯನ್ನು ಬೆನ್ನ ಹಿಂದೆ ಹಿಡಿದು ಅಡ್ಡ ನಿಂತರು.

“ಒಮ್ಮೆ ಬಗ್ಗಿ ಮಣ್ಣು ಮುಟ್ಟಿ ನೋಡಿ, ಸರ್. ಆಮೇಲೆ ಬೈಯಿರಿ.”