ಪೇಟಿ ಮಾಸ್ತರನ ಒಂದು ಗಂಟೆ

ನಮ್ಮ ಕಡೆ ಹಾರ್ಮೋನಿಯಂ ನುಡಿಸುವವನನ್ನು ಪೇಟಿ ಮಾಸ್ತರ ಎನ್ನುತ್ತಾರೆ. ಮರ್ಯಾದೆಯ ಹೆಸರೇ, ಇಲ್ಲವೆನ್ನಲಾರೆ. ನಾಟಕ ಕಲಿಸಲು ಯಾವ ಊರಿಗೆ ಹೋದರೂ ಮೊದಲ ಚಹಾ ನನಗೆ, ಊಟಕ್ಕೆ ಮೊದಲ ಎಲೆ ನನಗೆ. ಆಟ ಶುರುವಾದ ಮೇಲೆ ಮಾತ್ರ ನನ್ನ ಕಡೆ ನೋಡುವವರಿಲ್ಲ. ಪಾತ್ರಧಾರಿ ತಾನೇ ಸ್ವರ ತಪ್ಪಿ, ತಪ್ಪು ನನ್ನದೆನ್ನುವಂತೆ ಒಮ್ಮೆ ಗುರುಗುಟ್ಟುತ್ತಾನೆ, ಅಷ್ಟೇ. ಕೊಟ್ಟೂರಿನಲ್ಲಿ ಮನೆ ಮಾಡಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳನ್ನು ನಲವತ್ತು ವರ್ಷ ಸುತ್ತಿದ್ದೇನೆ. ಚಿಗಟೇರಿಯಲ್ಲಿ ಭೀಮನ ಪಾರ್ಟಿನವನಿಗೆ ಕರಿ ಎರಡು, ಮಾಗಳದಲ್ಲಿ ಕೃಷ್ಣನ ಪಾರ್ಟಿನವನಿಗೆ ಬಿಳಿ ನಾಲ್ಕು. ಯಾರ ಗಂಟಲು ಪೇಟಿಯ ಯಾವ ಮನೆಗೆ, ಎಂದರೆ ಯಾವ ಕರಿ ಬಿಳಿ ಪಟ್ಟಿಗೆ, ಹೊಂದುತ್ತದೆ ಎಂಬುದು ಇವತ್ತಿಗೂ ಬಾಯಿಪಾಠ.

ನಾನು ಕಲಿತದ್ದು ಇದಕ್ಕಲ್ಲ. ಗುರುಗಳ ಎಮ್ಮೆ ಮೇಯಿಸಿ, ಒಂದೊಂದು ರಾಗಕ್ಕೆ ತಿಂಗಳುಗಟ್ಟಲೆ ಬೈಸಿಕೊಂಡು ಒಂಬತ್ತು ವರ್ಷ ಕಲಿತದ್ದು, ಒಬ್ಬನೇ ಕೂತು ಕಚೇರಿ ಕೊಡಬೇಕೆಂದು. ಹಾಡುವವರಿಲ್ಲದೆ, ಬರೀ ಪೇಟಿ. ಅಂಥ ಕಚೇರಿ ಧಾರವಾಡದಲ್ಲಿ ಆಗುತ್ತದೆ, ಪುಣೆಯಲ್ಲಿ ಆಗುತ್ತದೆ. ನಮ್ಮಲ್ಲಿ ಅದನ್ನು ಕೇಳಿದವರೂ ಇಲ್ಲ, ಕೇಳಬೇಕೆಂದವರೂ ಇಲ್ಲ.

ಎರಡು ವರ್ಷದ ಹಿಂದೆ ಹಗರಿಬೊಮ್ಮನಹಳ್ಳಿಯಿಂದ ಗೊಬ್ಬರದ ಅಂಗಡಿಯ ಯಜಮಾನರು ಮನೆಗೆ ಬಂದರು. ಒಂದು ಕಾಲಕ್ಕೆ ನನ್ನಲ್ಲೇ ಕಲಿತು ದುರ್ಯೋಧನನ ಪಾರ್ಟು ಮಾಡಿದವರು, ಒಳ್ಳೆಯ ಮನುಷ್ಯ. ಅವರ ಸಂಘದಿಂದ ನನಗೆ ಸನ್ಮಾನವಂತೆ.

"ಶಾಲು ಬ್ಯಾಡ್ರಿ. ಒಂದು ತಾಸು ನಾನೊಬ್ಬನ ಬಾರಿಸ್ತೀನಿ, ಕೊಡ್ತೀರೇನ್ರಿ?" ಎಂದೆ. ಈ ವಯಸ್ಸಿನಲ್ಲಿ ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು.

"ಒಂದ್ಯಾಕ್ರಿ ಮಾಸ್ತರ, ಎರಡು ತಾಸು ಬಾರಿಸ್ರಿ!" ಎಂದರು.

ಹರಪನಹಳ್ಳಿಯಲ್ಲಿ ಪೇಟಿ ರಿಪೇರಿ ಮಾಡುವ ಸಾಹೇಬರ ಹತ್ತಿರ ಪೇಟಿಯ ಸ್ವರ ಕೂಡಿಸಿಕೊಂಡು ಬಂದೆ. ಎರಡು ತಿಂಗಳು ದಿನಾ ಬೆಳಿಗ್ಗೆ ಅಭ್ಯಾಸ. ಹೆಂಡತಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವಳು ಹಾಡಿದವಳಲ್ಲ, ಆದರೆ ನಾನು ಎಲ್ಲಾದರೂ ಸ್ವರ ಕದ್ದರೆ ರೊಟ್ಟಿಯ ಸದ್ದು ನಿಲ್ಲುತ್ತಿತ್ತು. ಆರಿಸಿಕೊಂಡದ್ದು ಮಾರವಾ, ಹೊತ್ತು ಮುಳುಗುವ ವೇಳೆಯ ರಾಗ. ಅದರಲ್ಲಿ ಷಡ್ಜಕ್ಕೆ, ಎಂದರೆ ಎಲ್ಲರೂ ಕಾಲೂರುವ ಮೊದಲ ಸ್ವರಕ್ಕೆ, ಬೇಗ ಬರುವಂತಿಲ್ಲ. ಅದರ ಸುತ್ತಮುತ್ತಲೇ ಸುಳಿದಾಡಿ ಕೇಳುವವನನ್ನು ಕಾಯಿಸಬೇಕು. ರಾಗದ ಸೊಗಸು ಅದು. ಅದನ್ನೇ ಆರಿಸಿದ್ದು ನನ್ನ ದಡ್ಡತನ.

ಸನ್ಮಾನದ ಸಂಜೆ ಹೆಂಡತಿಯನ್ನೂ ಕರೆದುಕೊಂಡು ಹೋದೆ, ಕಲ್ಯಾಣ ಮಂಟಪ ತುಂಬಿತ್ತು. ನಾನು ಆಲಾಪ ಶುರು ಮಾಡಿದರೂ ಜನ ಮಾತು ನಿಲ್ಲಿಸಲಿಲ್ಲ. ಕುರ್ಚಿ ಎಳೆದರು, ಮಂಡಕ್ಕಿ ತಿಂದರು, ಮದುವೆ ಮಾತಾಡಿದರು. ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ತಿಳಿಯಿತು: ನಮ್ಮ ಕಡೆ ಪೇಟಿಯೊಂದೇ ನುಡಿಯುತ್ತಿದ್ದರೆ ಆಟ ಇನ್ನೂ ಶುರುವಾಗಿಲ್ಲ ಎಂದರ್ಥ. ಮಾಸ್ತರ ಶ್ರುತಿ ಹಿಡಿಯುತ್ತಿದ್ದಾನೆ, ಒಳಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ. ನಲವತ್ತು ವರ್ಷ ಇದನ್ನು ಅವರಿಗೆ ರೂಢಿ ಮಾಡಿಸಿದವನು ನಾನೇ. ಇಪ್ಪತ್ತು ನಿಮಿಷವಾದರೂ ನಾನು ಷಡ್ಜದಲ್ಲಿ ನಿಲ್ಲದ್ದನ್ನು ನೋಡಿ ಮುಂದಿನ ಸಾಲಿನ ಅಜ್ಜನೊಬ್ಬ ಕೂಗಿಯೇ ಬಿಟ್ಟ.

"ಹಾಡಾವ್ರು ಇನ್ನಾ ಬಂದಿಲ್ಲೇನ್ರಿ ಮಾಸ್ತರ? ಎಷ್ಟೊತ್ತಂತ ಶ್ರುತಿ ಹಿಡೀತೀರಿ, ಪಾಪ!"

ಜನ ನಕ್ಕರು. ನನ್ನ ಮಾನ ಹೋಗುತ್ತಿದೆ ಎಂದು ಗೊಬ್ಬರದ ಅಂಗಡಿಯವರಿಗೆ ಅನಿಸಿರಬೇಕು. ಎದ್ದು ಬಂದು ಮೈಕು ಹಿಡಿದು ದುರ್ಯೋಧನನ ಹಳೆಯ ಪದ ಎತ್ತಿಕೊಂಡರು. ನನ್ನನ್ನು ಉಳಿಸಲೆಂದೇ.

ನಾನು ತಿದಿ ಮುಚ್ಚಬಹುದಿತ್ತು. ಎದ್ದು ಬರಬಹುದಿತ್ತು. ಯಾರೂ ಕೈ ಹಿಡಿದಿರಲಿಲ್ಲ. ಅವರು ಮೊದಲ ಸಾಲು ಮುಗಿಸುವಷ್ಟರಲ್ಲಿ ನನ್ನ ಬೆರಳು ಮಾರವಾ ಬಿಟ್ಟು ಅವರ ಕರಿ ಒಂದರ ಮನೆಗೆ ಹೋಗಿ ಕೂತಿತ್ತು. ಅವರು ತಾಳ ಬಿಟ್ಟಲ್ಲಿ ಮುಚ್ಚಿದೆ, ಉಸಿರು ಸಾಲದ ಕಡೆ ಸ್ವರ ಎಳೆದು ಕೊಟ್ಟೆ. ಜನ ಸೀಟಿ ಹೊಡೆದರು. ಮೂರು ಪದ ಹಾಡಿದರು, ನನ್ನ ಗಂಟೆ ಮುಗಿಯಿತು.

ಮರಳಿ ಬರುವ ಬಸ್ಸಿನಲ್ಲಿ ಎಲ್ಲರನ್ನೂ ಬೈದೆ. ಅಜ್ಜನನ್ನು, ಅಂಗಡಿಯವರನ್ನು, ಸೀಟಿ ಹೊಡೆದವರನ್ನು, ಒಬ್ಬ ಕೇಳುಗನನ್ನೂ ಕೊಡದ ಈ ಸೀಮೆಯನ್ನು. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದೆ.

"ನಿನಗಾದ್ರೂ ತಿಳೀತಲ್ಲ? ಹೆಂಗಿತ್ತು ಹೇಳು," ಎಂದೆ.

"ಖರೇ ಹೇಳ್ಲೇನ್ರಿ? ಮೊದ್ಲ ಬಾರಿಸಿದ್ದು ಮನ್ಯಾಗ ಬಾರಿಸಿದಂಗ ಇರಲಿಲ್ರಿ. ಹೆದರಿ ಹೆದರಿ ಬಾರಿಸಿದ್ರಿ. ಅವ್ರು ಹಾಡಾಕ ಹತ್ತಿದ ಮ್ಯಾಲ ನೋಡ್ರಿ, ಚಲೋ ಕೈ ಬಿಚ್ಚಿ ಬಾರಿಸಿದ್ರಿ."

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಈ ಸೀಮೆ ನನ್ನನ್ನು ಹಾಳು ಮಾಡಿತು ಎಂದು ಬೈದುಕೊಳ್ಳುವ ಒಂದು ಸುಖ ಇಷ್ಟು ವರ್ಷ ನನಗಿತ್ತು. ಅದನ್ನೂ ಆ ಬಸ್ಸಿನಲ್ಲಿ ಅವಳು ಕಸಿದುಕೊಂಡಳು.