ಕಸದ ಮೇಡಂ ಮೂಗು

ಈ ಬರಹದಲ್ಲಿ ಅತ್ತಿಗೆ ತೀರಾ ಒಳ್ಳೆಯವರಾಗಿ ಕಾಣಿಸಿಬಿಟ್ಟರೆ ಎಂಬ ಅಳುಕು ನನಗೆ. ಮನೆಯಲ್ಲಿ ಅವರನ್ನು ಹೊಗಳುವವರಿಗೇನೂ ಬರವಿಲ್ಲ. ಅವರ ಗಮ್‌ಬೂಟುಗಳನ್ನು ಅಮ್ಮ ತಾನೇ ತೊಳೆದು ಬಿಸಿಲಿಗಿಡುತ್ತಾಳೆ; ನನ್ನ ಪದವಿ ಪ್ರಮಾಣಪತ್ರ ಎಲ್ಲಿದೆಯೆಂದು ಅವಳಿಗೆ ನೆನಪಿರಲಿಕ್ಕಿಲ್ಲ. ಪತ್ರಿಕೆಯ ಪುರವಣಿಯವರು ಎಲೆಮರೆಯ ಕಾಯಿಯೊಂದರ ಬಗ್ಗೆ ಬರೆಯಿರಿ ಎಂದಾಗ ಅಣ್ಣ ನಕ್ಕ. "ಊರೆಲ್ಲ ಯಾಕೆ ಹುಡುಕ್ತೀಯ? ನಿಮ್ಮತ್ತಿಗೆ ಇಲ್ವಾ?" ಹೊಟ್ಟೆಯುರಿಯಿತು, ಆದರೂ ಹೂಂ ಎಂದೆ.

ಹಾಗಾಗಿ, ಬೆಳಕು ಹರಿಯುತ್ತಿರುವ ಈ ಹೊತ್ತಿನಲ್ಲಿ, ದೊಡ್ಡ ಹೋಟೆಲೊಂದರ ಹಿಂಬಾಗಿಲಲ್ಲಿ ನಿಂತಿದ್ದೇನೆ. ಅತ್ತಿಗೆ ನಗರಸಭೆಯ ತಪಾಸಣಾಧಿಕಾರಿ. ಅಡುಗೆಮನೆಗಳಲ್ಲಿ ಹಸಿ ಕಸ ಬೇರೆಯಾಗುತ್ತಿದೆಯೇ, ತಿನ್ನಲು ಯೋಗ್ಯವಾದ ಊಟ ಕಸಕ್ಕೆ ಬೀಳದೆ ನಿರಾಶ್ರಿತರ ತಂಗುದಾಣ ಸೇರುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಅಡುಗೆಯವರ ಬಾಯಲ್ಲಿ ಅವರು 'ಕಸದ ಮೇಡಂ'.

"ಬನ್ನಿ ಮೇಡಂ, ಇವತ್ತು ನಮ್ಮ ಡಬ್ಬ ಕನ್ನಡಿ ಥರ ಇದೆ," ಮುಖ್ಯ ಅಡುಗೆಯವನು ಹಲ್ಲು ಕಿರಿಯುತ್ತಾನೆ.

"ಕನ್ನಡಿ ನಮ್ಮನೇಲೂ ಇದೆಯಪ್ಪ. ಮುಚ್ಚಳ ತೆಗಿ."

ಅತ್ತಿಗೆ ಅಂಗಿಯ ತೋಳು ಮಡಚಿ ಡಬ್ಬದೊಳಗೆ ಕೈಹಾಕುತ್ತಾರೆ. ತಳದಲ್ಲಿ ಒಂದಿಷ್ಟು ಮೊಟ್ಟೆಯ ಸಿಪ್ಪೆ, ಎಲೆಕೋಸಿನ ದಂಟು. ನಡುವೆ ಸಿಕ್ಕ ಪ್ಲಾಸ್ಟಿಕ್ ಚಮಚವನ್ನು ಚಿಲ್ಲರೆ ಕೊಡುವವರ ಹಾಗೆ ಅವನ ಅಂಗೈಯಲ್ಲಿಡುತ್ತಾರೆ. ಇಡೀ ಅಡುಗೆಮನೆ ನಗುತ್ತದೆ, ಅವನೂ. ನನಗೆ ತಡೆಯಲಾಗದ್ದು ಇದೇ: ಬೈಸಿಕೊಂಡವರೂ ಅವರನ್ನು ಇಷ್ಟಪಡುತ್ತಾರೆ. ನಾನಾದರೋ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಬೆವರುತ್ತೇನೆ.

ಮದುವೆಗೆ ಮುಂಚೆ ಇಂಥದೇ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಓದಿದವರು ಅವರು. ಈ ತಪಾಸಣೆ ಕೆಲಸದ ಶುರುವಿನಲ್ಲಿ ಸ್ಕೂಟರಿನ ಗಾಳಿ ಬಿಟ್ಟವರಿದ್ದರು, ಬೇಕಂತಲೇ ಕಾಲ ಮೇಲೆ ಮುಸುರೆ ನೀರು ಚೆಲ್ಲಿದವರೂ. "ಕಸದ ಡಬ್ಬದೊಳಗೆ ಇಣುಕಿದ್ರೆ ಅವರ ಮನಸ್ಸಿನೊಳಗೇ ಇಣುಕಿದಂಗೆ ಅನ್ಸುತ್ತೆ, ಪಾಪ," ಎನ್ನುತ್ತಾರೆ ಅತ್ತಿಗೆ. "ನಂಗೆ ಭಯ ಆಗೋದು ಖಾಲಿ ಡಬ್ಬ ನೋಡಿದ್ರೆ. ಕಸಕ್ಕೆ ಹಾಕಿದ್ರೆ ದಂಡ ಅಂತ ಕೆಟ್ಟಿದ್ದನ್ನೂ ದಾನದ ಪಾತ್ರೆಗೆ ತುಂಬಿಬಿಡ್ತಾರೆ. ಅಲ್ಲಿ ತಿನ್ನೋರು ವಯಸ್ಸಾದೋರು, ಮಕ್ಕಳು."

ಅದಕ್ಕೇ ಅವರು ಪ್ರತಿ ಪಾತ್ರೆಯನ್ನೂ ಮೂಸಿ ನೋಡುತ್ತಾರೆ. ಅವರು ಸೈ ಎನ್ನದೆ ಒಂದು ಪಾತ್ರೆಯೂ ತಂಗುದಾಣದ ವ್ಯಾನ್ ಹತ್ತುವಂತಿಲ್ಲ.

ಇಂದು ಆ ಮೂಗು ಕೆಂಪಾಗಿದೆ. ದಾರಿಯಲ್ಲೇ ಪಿಸುಗುಟ್ಟಿದ್ದರು: "ಶೀತ ಕಣೇ, ಏನೂ ವಾಸನೆ ಗೊತ್ತಾಗ್ತಿಲ್ಲ. ರಜೆ ಹಾಕಿದ್ರೆ ತಂಗುದಾಣದಲ್ಲಿ ಎಲ್ಲರೂ ಉಪವಾಸ. ಅಡುಗೆಯವರ ಮುಂದೆ ಬಾಯಿಬಿಟ್ಟೀಯ, ಹುಷಾರು."

ಈಗ ಸಾಲಾಗಿಟ್ಟ ಪಾತ್ರೆಗಳ ಮುಚ್ಚಳ ತೆರೆಯುತ್ತಾರೆ. ಬಣ್ಣ ನೋಡುತ್ತಾರೆ, ಸೌಟು ಆಡಿಸುತ್ತಾರೆ, ಬಾಗಿ ಮೂಸುತ್ತಾರೆ. ಅನ್ನ ಸರಿ. ಸೂಪು ಸರಿ. ಬೇಯಿಸಿದ ಬಟಾಣಿಯ ಮೇಲೆ ಕೊಂಚ ಹೆಚ್ಚೇ ಹೊತ್ತು ಬಾಗಿ, ತಲೆಯಾಡಿಸುತ್ತಾರೆ. "ತಗೊಂಡ್ಹೋಗಿ."

ನನ್ನ ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಅಡುಗೆಯವನು ನೆಲ ನೋಡುತ್ತಿದ್ದಾನೆ. ವ್ಯಾನಿನವನು ಪಾತ್ರೆಯ ಹಿಡಿಕೆಗೆ ಕೈಹಾಕುತ್ತಾನೆ. ಒಂದೇ ಒಂದು ಸಲ ಅತ್ತಿಗೆ ತಪ್ಪಲಿ, ಅದು ಮನೆಗೆಲ್ಲ ಗೊತ್ತಾಗಲಿ ಎಂದು ನಾನು ಎಷ್ಟು ಸಂಜೆ ಬಯಸಿಲ್ಲ! ಬಾಯಿ ಮುಚ್ಚಿಕೊಂಡಿರುವುದು ನನಗೆ ಕಷ್ಟದ ಕೆಲಸವೂ ಅಲ್ಲ. ಪಾತ್ರೆ ಬಾಗಿಲು ದಾಟುತ್ತದೆ.

"ಅತ್ತಿಗೇ!" ನನ್ನ ದನಿ ಇಡೀ ಅಡುಗೆಮನೆಗೆ ಕೇಳಿಸುತ್ತದೆ. "ಆ ಬಟಾಣಿ ಹಳಸಿದೆ."