ಅತ್ತೆಯ ಜೊತೆ ನೋಡಿದ ಇಂಗ್ಲಿಷ್ ಧಾರಾವಾಹಿ

ಕಳಸದ ಒಂದು ಖಾಸಗಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ವರ್ಷ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಆಡಳಿತ ಮಂಡಳಿಯವರು ನಮ್ಮನ್ನೆಲ್ಲ ಕೂರಿಸಿಕೊಂಡು, ಜೂನ್‌ನಿಂದ ಎಲ್ಲ ಪಾಠವೂ ಇಂಗ್ಲಿಷ್‌ನಲ್ಲೇ ನಡೆಯಬೇಕು, ಅದಕ್ಕೆ ಮೊದಲು ಶಿಕ್ಷಕರೆಲ್ಲ ಇಂಗ್ಲಿಷ್ ಮಾತಿನ ಪರೀಕ್ಷೆ ಕೊಡಬೇಕು ಎಂದರು. ಪಾಸಾಗದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಹೆದರಿಸಿತು.

ಓದುವುದು, ಬರೆಯುವುದು ಹೇಗೋ ಆಗುತ್ತಿತ್ತು. ಬಾಯಿ ತೆರೆದರೆ ಮಾತ್ರ ಮೊದಲ ಪದದಲ್ಲೇ ತಡವರಿಸುತ್ತಿದ್ದೆ. ಶನಿವಾರಗಳಂದು ನಮಗೆ ತರಬೇತಿ ಕೊಡಲು ಚಿಕ್ಕಮಗಳೂರಿನಿಂದ ಒಬ್ಬ ನಿವೃತ್ತ ಅಧ್ಯಾಪಕಿ ಬರುತ್ತಿದ್ದರು. ನನ್ನ ತಡವರಿಕೆ ಕೇಳಿ ಕೇಳಿ ಅವರು ಒಂದು ಉಪಾಯ ಹೇಳಿದರು.

"ಬ್ರಿಟಿಷರು ಮಾಡಿದ ಚಾರಿತ್ರಿಕ ಧಾರಾವಾಹಿಗಳನ್ನ ನೋಡಿ. ಈಗಿನ ಸಿನಿಮಾದವರ ಹಾಗೆ ಮಾತು ನುಂಗೋದಿಲ್ಲ. ನಿಧಾನಕ್ಕೆ, ಪೂರ್ತಿ ವಾಕ್ಯದಲ್ಲಿ ಆಡ್ತಾರೆ. ಒಂದು ಮಾತು ಕೇಳಿ, ನಿಲ್ಲಿಸಿ, ನೀವೂ ಗಟ್ಟಿಯಾಗಿ ಹೇಳಿ."

ಬಾಳೂರಿನಲ್ಲಿ ನಮಗಿರುವುದು ಸಣ್ಣ ತೋಟ. ಮನೆಯಲ್ಲಿ ನಾನು, ಯಜಮಾನರು, ಅತ್ತೆ. ಯಜಮಾನರು ಟಿವಿಗೆ ಇಂಟರ್ನೆಟ್ ಜೋಡಿಸಿಕೊಟ್ಟರು. ಶಾಲೆ ಬಿಟ್ಟು ಬಂದು ಕಾಫಿ ಕುಡಿದವಳೇ ನಾನು ಟಿವಿಯ ಮುಂದೆ ಕೂರತೊಡಗಿದೆ. ನಾನು ಆರಿಸಿಕೊಂಡದ್ದು ಒಂದು ದೊಡ್ಡ ಬಂಗಲೆಯ ಕಥೆ. ಮುದಿ ಜಮೀನ್ದಾರ, ಅವನ ಹೆಂಡತಿ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು. ಅವರ ಜಮೀನಿನ ನಡುವೆ ಹೊಸದಾಗಿ ರೈಲುಹಳಿ ಹಾಯಬೇಕೋ ಬೇಡವೋ ಎಂಬುದೇ ಜಗಳ. ಆ ಜನ ಚಹಾ ಬೇಕೆಂದು ಕೇಳುವುದಕ್ಕೂ ಎಷ್ಟು ಸುತ್ತಿ ಬಳಸಿ ಮಾತಾಡುತ್ತಿದ್ದರೆಂದರೆ, ವಾಕ್ಯದ ಕೊನೆ ತಲುಪುವಷ್ಟರಲ್ಲಿ ನನಗೆ ಅದರ ಶುರುವೇ ಮರೆತುಹೋಗುತ್ತಿತ್ತು.

ಒಂದೆರಡು ದಿನದಲ್ಲೇ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಎಂತ ಕಥೆಯೆ ಅದು? ನಂಗೂ ಹೇಳು ಮಾರಾಯ್ತಿ."

ಜಮೀನ್ದಾರನನ್ನು ಅವರು ದೊರೆ ಎಂದು ಕರೆದರು. ಅವರ ಅಪ್ಪ ಎಳೆಯ ವಯಸ್ಸಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕ ಬರೆಯುತ್ತಿದ್ದರಂತೆ. ಹಾಗಾಗಿ ಬಂಗಲೆ, ಬಟ್ಲರ್, ಕುದುರೆ ಯಾವುದೂ ಅವರಿಗೆ ಹೊಸದಲ್ಲ. ಆದರೆ ಅವರು ಮಾತಿನ ಅರ್ಥ ಕೇಳಿ ಸುಮ್ಮನಾಗುತ್ತಿರಲಿಲ್ಲ.

"ಈಗ ಒಳಗೆ ಬಂದಿದ್ದು ಯಾರು? ಎಂತ ಹಾಕ್ಕೊಂಡಿದಾಳೆ? ದೊರೆ ಮುಖ ಹೆಂಗಿದೆ, ಸಿಟ್ಟಾ?"

ನಾನು ಇಂಗ್ಲಿಷ್ ಕೇಳಿಸಿಕೊಳ್ಳಲೋ, ಇವರಿಗೆ ಕನ್ನಡದಲ್ಲಿ ಹೇಳಲೋ? ಪರೀಕ್ಷೆ ಬೇರೆ ಹತ್ತಿರ ಬರುತ್ತಿತ್ತು. "ಹಸಿರು ಗೌನು ಅತ್ತೆ. ಸಿಟ್ಟಲ್ಲ, ಬೇಜಾರು" ಎಂದು ಬೇಗ ಬೇಗ ಹೇಳಿ ಮತ್ತೆ ಕಿವಿ ನಿಮಿರಿಸುತ್ತಿದ್ದೆ. ಕಥೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಅಕ್ಕ ಯಾರು, ತಂಗಿ ಯಾರು ಎಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ಅಕ್ಕ ಎತ್ತರದ ಕೆಂಗೂದಲಿನವಳು, ತಂಗಿ ಗಿಡ್ಡ, ಕಪ್ಪು ಕೂದಲು. ದನಿ ಮಾತ್ರ ಇಬ್ಬರದೂ ಒಂದೇ. ವಯಸ್ಸಾಯಿತು, ಗಮನ ನಿಲ್ಲುವುದಿಲ್ಲ ಎಂದುಕೊಂಡೆ.

ಆ ದಿನಗಳಲ್ಲಿ ಅಂಗಳದಲ್ಲಿ ಮೆಣಸು ಒಣಗುತ್ತಿತ್ತು. ಅತ್ತೆ ಅದರ ಮೇಲೇ ಕಾಲಿಟ್ಟು ನಡೆದಿದ್ದರು. ಒಮ್ಮೆ ಲೋಟ ತುಂಬಿ ಚೆಲ್ಲಿದರೂ ಕಾಫಿ ಬಗ್ಗಿಸುತ್ತಲೇ ಇದ್ದರು. "ಕೈ ನಡುಗ್ತು" ಎಂದರು. ನಾನೂ ನಂಬಿದೆ. ನನ್ನ ತಲೆಯಲ್ಲಿ ತುಂಬಿದ್ದು ಪರೀಕ್ಷೆಯೊಂದೇ.

ಮುದಿ ದೊರೆ ಸಾಯುವ ಕಂತು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಅವನ ಹೆಂಡತಿ ಬಂದು ಕಿಟಕಿಯ ಬಳಿ ನಿಲ್ಲುತ್ತಾಳೆ. ಹೊರಗೆ ಹಿಮ, ಬೆಳ್ಳಗೆ ಕಣ್ಣು ಕುಕ್ಕುವ ಬೆಳಕು. ಮಾತಿಲ್ಲ, ಸಂಗೀತವಿಲ್ಲ. ಅವಳ ಕೈ ಮಾತ್ರ ಪರದೆಯನ್ನು ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ. ಆ ನಟಿಯನ್ನೇ ನೋಡುತ್ತ ನಾನೂ ಸುಮ್ಮನಿದ್ದುಬಿಟ್ಟೆ.

ಪಕ್ಕದಿಂದ ಅತ್ತೆ ಕೇಳಿದರು: "ಕರೆಂಟ್ ಹೋಯ್ತಾ?"

ತಮಾಷೆ ಎಂದುಕೊಂಡು ತಿರುಗಿದೆ. ಅವರು ಟಿವಿಯ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು. ಹಿಮದ ಬಿಳಿ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು.

"ಅತ್ತೆ, ಟಿವಿ ನಡೀತಾ ಇದೆ. ನಿಮಗೆ ಕಾಣ್ತಿಲ್ವಾ?"

ಅವರು ಸೆರಗು ಸರಿ ಮಾಡಿಕೊಂಡರು. "ಕಾಣ್ತದೆ. ಎಂತಕ್ಕೆ ಕಾಣಲ್ಲ?"

"ಹಂಗಾದ್ರೆ ಆ ಹೆಂಗಸು ಎಂತ ಮಾಡ್ತಿದಾಳೆ ಹೇಳಿ."

ಅವರು ಟಿವಿಯ ಕಡೆ ಕಿವಿ ವಾಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಮಂಜು ಮಂಜು. ದೀಪಾವಳಿಯಿಂದ ಹಿಂಗೇ" ಎಂದರು. "ಅವನಿಗೆ ಹೇಳ್ಬೇಡ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾನೆ. ನಮ್ಮಮ್ಮಂಗೂ ಹಿಂಗೇ ಕಣ್ಣಿನ ಆಪರೇಷನ್ ಮಾಡ್ಸಿದ್ರು, ಇದ್ದ ಚೂರು ಬೆಳಕೂ ಹೋಯ್ತು. ನಂಗೆ ಇಷ್ಟೇ ಸಾಕು."

"ಮತ್ತೆ ದಿನಾ ಬಂದು ಎಂತ ನೋಡ್ತಿದ್ರಿ?"

"ನೀನು ಹೇಳ್ತಿದ್ಯಲ್ಲ. ಹಸಿರು ಗೌನು ಅಂದ್ರೆ ಹಸಿರು ಕಾಣ್ತಿತ್ತು."

ಆ ಸಂಜೆಯೇ ಯಜಮಾನರಿಗೆ ಹೇಳಿದೆ. ಅತ್ತೆ ನನ್ನೊಡನೆ ಮಾತು ಬಿಟ್ಟರು. ಚಿಕ್ಕಮಗಳೂರಿನ ಕಣ್ಣಿನ ಆಸ್ಪತ್ರೆಗೆ ಹೊರಟ ದಿನವೂ ಜೀಪಿನಲ್ಲಿ ಮುಖ ತಿರುಗಿಸಿಕೊಂಡೇ ಕೂತಿದ್ದರು. ಕೊಟ್ಟಿಗೆಹಾರ, ಮೂಡಿಗೆರೆ ದಾಟಿದೆವು. ಆದರೆ ತಿರುವುಗಳಲ್ಲಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ಹನಿ ಹಾಕಿದರು, ಕಾಯಿಸಿದರು, ಒಂದೊಂದು ಯಂತ್ರದ ಮುಂದೆ ಗಲ್ಲ ಇಡಿಸಿದರು. ದೊಡ್ಡ ಡಾಕ್ಟರು ನೋಡುವಾಗ ಯಜಮಾನರು ಔಷಧದ ಅಂಗಡಿಯ ಸಾಲಿನಲ್ಲಿದ್ದರು. ನಾನು ಅತ್ತೆಯ ಹಿಂದೆ ನಿಂತಿದ್ದೆ. ಡಾಕ್ಟರು ಪಕ್ಕದಲ್ಲಿದ್ದ ಕಿರಿಯ ಡಾಕ್ಟರಿಗೆ ಇಂಗ್ಲಿಷ್‌ನಲ್ಲಿ ಹೇಳತೊಡಗಿದರು. ನಮಗೆ ತಿಳಿಯುವುದಿಲ್ಲ ಎಂದುಕೊಂಡಿರಬೇಕು. ಆತುರವಿಲ್ಲದೆ, ಪೂರ್ತಿ ವಾಕ್ಯದಲ್ಲಿ ಹೇಳಿದರು. ಕಣ್ಣಿನ ಒತ್ತಡ ಏರಿ ಬಲಗಣ್ಣಿನ ನರ ಸತ್ತಿದೆ, ಅಲ್ಲಿ ಮಾಡುವುದೇನೂ ಉಳಿದಿಲ್ಲ. ಎಡಗಣ್ಣಿಗೂ ಅದೇ ಶುರುವಾಗಿದೆ, ಮೇಲೆ ಪೊರೆಯೂ ಬಂದಿದೆ, ಈಗಲೇ ಆಪರೇಷನ್ ಮಾಡಿದರೆ ಉಳಿಸಬಹುದು, ತಡ ಮಾಡಿದರೆ ಅದೂ ಉಳಿಯುವುದಿಲ್ಲ. ಒಂದು ಪದವೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಆಮೇಲೆ ಅವರು ಕನ್ನಡದಲ್ಲಿ, "ಅಜ್ಜಿ, ಇನ್ನೊಂದು ಸ್ಕ್ಯಾನ್ ಇದೆ. ಮುಗಿಸ್ಕೊಂಡು ಬನ್ನಿ, ಕೂತು ಮಾತಾಡೋಣ" ಎಂದರು.

ಹೊರಗಿನ ಬೆಂಚಿನಲ್ಲಿ ಕೂತೆವು. ಸ್ಕ್ಯಾನಿಗೆ ನಮ್ಮ ಮುಂದೆ ಬಹಳ ಜನ ಇದ್ದರು. ಅತ್ತೆ ಅಷ್ಟು ದಿನದ ಮೌನ ಮುರಿದು ಕೇಳಿದರು:

"ಎಂತ ಹೇಳಿದ್ರು ಅವ್ರು?"

"ಸ್ಕ್ಯಾನ್ ಆಗ್ಲಿ ಅತ್ತೆ. ಡಾಕ್ಟ್ರೇ ಹೇಳ್ತಾರಂತೆ."

"ನೀನು ಹಿಂದೆ ನಿಂತು ಉಸಿರು ಹಿಡಿದಿದ್ದು ನಂಗೆ ಗೊತ್ತಾಯ್ತು. ಟಿವೀದು ಹೇಳ್ದಂಗೆ ಹೇಳು. ಎಂತದ್ದೂ ಬಿಡ್ಬೇಡ."

ಯಜಮಾನರು ಬರಲಿ ಎಂದು ಬಾಗಿಲ ಕಡೆ ನೋಡಿದೆ. ಬರಲಿಲ್ಲ. ಸುಳ್ಳು ಹೇಳಬಹುದಿತ್ತು, ಅದಕ್ಕೆ ಬಾಯಿಯೂ ತೆರೆದೆ. ಆದರೆ ಇಷ್ಟು ದಿನ ನನ್ನ ಮಾತನ್ನೇ ನಂಬಿ ಬಣ್ಣ ಕಂಡವರು ಅವರು. ಇದೊಂದರಲ್ಲಿ ತಪ್ಪು ಹೇಳಿದರೆ ಆಮೇಲೆ ಯಾವುದನ್ನು ನಂಬಿಯಾರು? ಡಾಕ್ಟರು ಹೇಳಿದ ಕ್ರಮದಲ್ಲೇ ಹೇಳಿದೆ. ಬಲಗಣ್ಣು ಹೋಗಿದೆ ಎಂದಾಗ ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು.

"ಎಡದ್ದು?"

"ಎಡದ್ದು ಉಳಿಸಬಹುದು. ಈಗ್ಲೇ ಆಪರೇಷನ್ ಮಾಡ್ಸಿದ್ರೆ."

"ಉಳಿಸಬಹುದು ಅಂದ್ರಾ, ಉಳಿಸ್ತೀವಿ ಅಂದ್ರಾ?"

ಶಾಲೆಯ ತರಬೇತಿಯಲ್ಲಿ ಎಷ್ಟು ಸಲ ಹೇಳಿಸಿಕೊಂಡರೂ ನನಗೆ ಹತ್ತದಿದ್ದ 'ಮೇ', 'ವಿಲ್' ವ್ಯತ್ಯಾಸ ಅದು. "ಉಳಿಸಬಹುದು ಅಂದ್ರು" ಎಂದೆ. ಅತ್ತೆ ತಲೆ ಆಡಿಸಿದರು. "ಇದ್ದಿದ್ದು ಇದ್ದಂಗೆ ಹೇಳ್ದೆ ನೀನು. ಹಂಗಾದ್ರೆ ಮಾಡ್ಸಿ. ನೀನು ಒಳಗೆ ಬರ್ಬೇಕು, ಅವ್ರು ಇಂಗ್ಲಿಷಲ್ಲಿ ಎಂತ ಮಾತಾಡ್ತಾರೆ ಕೇಳ್ಬೇಕು."

ಆಪರೇಷನ್ ಕೋಣೆಗೆ ನನ್ನನ್ನು ಬಿಡಲಿಲ್ಲ. ಬಾಗಿಲ ಹೊರಗೆ ನಾನೂ ಯಜಮಾನರೂ ನಿಂತೆವು. ಒಳಗಿನಿಂದ ಯಾರಾದರೂ ಬಂದರೆ ಅವರ ಮುಖ ಓದಲು ನೋಡುತ್ತಿದ್ದೆ. ಎಲ್ಲರ ಬಾಯಿಗೂ ಮಾಸ್ಕ್. ಮರುದಿನ ಬ್ಯಾಂಡೇಜ್ ಬಿಚ್ಚಿದಾಗ ಡಾಕ್ಟರು ಬೆರಳು ಎತ್ತಿ ಎಷ್ಟು ಎಂದು ಕೇಳಿದರು. ಅತ್ತೆ ಸರಿಯಾಗಿ ಹೇಳಿದರು. ಮತ್ತೆ ಮುಖ ಪೂರ್ತಿ ತಿರುಗಿಸಿ ನನ್ನನ್ನು ನೋಡಿ, "ಇದೆಂತ, ಇಷ್ಟು ಸೊರಗಿದೀಯ!" ಎಂದರು. ಯಜಮಾನರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಅದೇ ವಾರ ನನ್ನ ಪರೀಕ್ಷೆ ನಡೆಯಿತು. ಮೊದಲ ಪ್ರಶ್ನೆಗೇ ತಡವರಿಸಿದೆ. ಎರಡನೆಯದಕ್ಕೆ ಧಾರಾವಾಹಿಯ ಬಂಗಲೆಯವರ ಹಾಗೆ ವಾಕ್ಯ ಕಟ್ಟಲು ಹೋದೆ. ಕೇಳುತ್ತಿದ್ದವರು ನಕ್ಕು, "ಇಷ್ಟೊಂದು ಮರ್ಯಾದೆ ಬೇಡ ಮೇಡಂ" ಎಂದರು. ಕೇಳಿ ತಿಳಿಯುವುದು ಚೆನ್ನಾಗಿದೆ, ಮಾತು ಸುಧಾರಿಸಬೇಕು ಎಂದು ಫಲಿತಾಂಶ ಬಂತು. ಕೆಲಸ ಉಳಿಯಿತು.

ಅತ್ತೆಯ ಕಣ್ಣಿಗೆ ಬೆಳಿಗ್ಗೆ, ರಾತ್ರಿ ಹನಿ ಹಾಕಬೇಕು. ಅದು ಕೊನೆಯವರೆಗೂ ನಡೆಯಬೇಕಾದ್ದು. ಆಗಾಗ ಚಿಕ್ಕಮಗಳೂರಿಗೆ ಹೋಗಿ ಒತ್ತಡ ನೋಡಿಸಿಕೊಂಡು ಬರುತ್ತೇವೆ. ಹೋಗುವ ಹಿಂದಿನ ದಿನದಿಂದಲೇ ನನಗೆ ಊಟ ಸೇರುವುದಿಲ್ಲ. ಅತ್ತೆ ಮಾತ್ರ ಹೊಸ ಸೀರೆ ಉಟ್ಟು, ಬೇಗ ತಯಾರಾಗಿ ಜಗಲಿಯಲ್ಲಿ ಕೂತಿರುತ್ತಾರೆ. ದಾರಿಯಲ್ಲಿ ನಾನು ಯಾವಾಗಲೂ ಅವರಿಗೆ ಕಾಣುವ ಹಾಗೆ ಎಡಕ್ಕೇ ನಡೆಯುತ್ತೇನೆ.